ಆರುನೂರ ಇಪ್ಪತ್ತೈದು ಗೆರೆಗಳು

೧೧ ಜುಲೈ ೧೯೮೪, ಬುಧವಾರ

ನಲವತ್ತು ದಿನಗಳ ಮೇಲೆ ಇವತ್ತು ತುಮಕೂರಿಗೆ ವಾಪಸು ಬಂದೆವು. ರಂಜಾನ್ ಬೆಂಗಳೂರಿನ ಆಸ್ಪತ್ರೆಯಲ್ಲೇ ಮುಗಿಯಿತು, ಹಬ್ಬವೂ ಅಲ್ಲೇ. ಬಸ್ಸಿನಲ್ಲಿ ಇವರನ್ನು ಅಭ್ಯಾಸದಂತೆ ಕಿಟಕಿಯ ಪಕ್ಕ ಕೂರಿಸಿದೆ. ನೆಲಮಂಗಲ ದಾಟಿದ ಮೇಲೆ, ಯಾಕೆ ಅಲ್ಲಿ ಕೂರಿಸಿದೆನೋ ಎನ್ನಿಸಿತು.

ಇದನ್ನು ಬರೆಯುತ್ತಿರುವುದು ಅಂಗಡಿಯ ಸರ್ವಿಸ್ ಪುಸ್ತಕದ ಖಾಲಿ ಹಾಳೆಗಳಲ್ಲಿ. ಮನೆಯಲ್ಲಿ ನಾವಾಡುವುದು ಉರ್ದು. ನನಗೆ ಬರೆಯಲು ಬರುವುದು ಗುಬ್ಬಿಯ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ.ವರೆಗೆ ಕಲಿತ ಕನ್ನಡ. ಅತ್ತೆ ರಹಿಮಾ ಬೀಗೆ ಕನ್ನಡ ಓದಲು ಬಾರದು. ಇವರಿಗೆ ಬರುತ್ತಿತ್ತು. ಹಾಗೆಂದು ಬರೆದ ಮೇಲೆ ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ.

ಮೇ ಇಪ್ಪತ್ತೊಂಬತ್ತರಂದು ಮಂಡಿಪೇಟೆಯ ನಮ್ಮ ಟಿ.ವಿ. ರಿಪೇರಿ ಅಂಗಡಿಯಲ್ಲಿ ಇವರು ಒಂದು ಹಳೆಯ ಸೆಟ್ಟಿನಿಂದ ಪಿಕ್ಚರ್ ಟ್ಯೂಬ್ ಹೊರಗೆ ತೆಗೆಯುತ್ತಿದ್ದರಂತೆ. ಕೈ ಜಾರಿ ಮೇಜಿನ ಅಂಚಿಗೆ ಬಡಿಯಿತು. ಆ ಗಾಜಿನ ಒಳಗೆ ಗಾಳಿಯೇ ಇರುವುದಿಲ್ಲ. ಒಡೆದರೆ ಮೊದಲು ಒಳಕ್ಕೆ ಕುಸಿದು ಆಮೇಲೆ ಹೊರಕ್ಕೆ ಸಿಡಿಯುತ್ತದೆ. ಎಡಗಣ್ಣನ್ನು ತೆಗೆದೇಬಿಟ್ಟರು. ಬಲಗಣ್ಣಿನಲ್ಲಿ ಬೆಳಕು, ಕತ್ತಲೆ ಎರಡೇ ತಿಳಿಯುತ್ತವೆ, ಅಷ್ಟೇ.

ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದನ್ನು ಮರೆಯಬಾರದೆಂದು ಇಲ್ಲಿ ಬರೆದಿಡುತ್ತೇನೆ. ಎರಡು ಹೊತ್ತು ಔಷಧಿ ಬಿಡಬೇಕು. ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಕಣ್ಣು ಕೆಂಪಾದರೆ, ತಲೆನೋವು ಬಂದರೆ, ವಾಂತಿಯಾದರೆ, ಬೆಳಕು ಮೊದಲಿಗಿಂತ ಕಡಿಮೆಯಾದರೆ ಅದೇ ದಿನ ಬರಬೇಕು. "ಮಾರನೆ ದಿನ ಅಲ್ಲಮ್ಮ, ಅದೇ ದಿನ," ಎಂದರು.

೧೬ ಜುಲೈ, ಸೋಮವಾರ

ಕುಣಿಗಲ್ಲಿನಿಂದ ಭಾವ ಗುಲಾಮ್ ನಬಿ ಬಂದಿದ್ದರು. ಇವರಿಗಿಂತ ಹತ್ತು ವರ್ಷ ದೊಡ್ಡವರು, ಅಲ್ಲಿ ಕೊಬ್ಬರಿ ವ್ಯಾಪಾರ. ಬಂದವರು ತಮ್ಮನ ತಲೆ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತರು. ಆಮೇಲೆ, "ಅಂಗಡಿ ಕೊಟ್ಬಿಡೋಣ ಮನ್ಸೂರ. ಕುಣಿಗಲ್‌ಗೆ ಬಂದ್ಬಿಡಿ ಮೂರೂ ಜನ. ನಮ್ಮನೇಲಿ ಜಾಗ ಇಲ್ವಾ?" ಎಂದರು.

"ಅಂಗಡೀಲಿ ಜನರ ಹನ್ನೊಂದು ಸೆಟ್ ಬಿಚ್ಚಿ ಇಟ್ಟಿದೀನಿ," ಎಂದರು ಇವರು.

"ನೀನು ಹೆಂಗೋ ಮಾಡ್ತೀಯ?"

"ನನ್ನ ಕೈ ಎಲ್ಲಿ ಹೋಗಿದೆ? ಗೊತ್ತಿರೋದು ಎಲ್ಲಿ ಹೋಗಿದೆ? ಸ್ಕ್ರೀನ್ ನೋಡಿ ಹೇಳೋರು ಒಬ್ಬರು ಬೇಕು. ರಝಿಯಾ ನೋಡ್ತಾಳೆ."

ನನ್ನನ್ನು ಯಾರೂ ಕೇಳಲಿಲ್ಲ. ನಾನು ಬಾಗಿಲ ಪರದೆಯ ಹಿಂದೆ ಟೀ ತಟ್ಟೆ ಹಿಡಿದು ನಿಂತಿದ್ದೆ. ಮಂಡಿಪೇಟೆಯಲ್ಲಿ ಗಂಡಸರ ನಡುವೆ ಸೊಸೆ ಹೋಗಿ ಕೂರುವುದೇ ಎಂದು ಅತ್ತೆ ಅತ್ತರು.

೨೩ ಜುಲೈ, ಸೋಮವಾರ

ಮೊದಲ ಸೆಟ್. ಸ್ವಿಚ್ ಹಾಕಿದೆ. ಇವರು ನನ್ನ ಪಕ್ಕದ ಸ್ಟೂಲಿನಲ್ಲಿ, ಮುಖ ಗೋಡೆಯ ಕಡೆ.

"ಏನು ಕಾಣ್ತಿದೆ?"

"ಏನೂ ಇಲ್ಲ."

"ಏನೂ ಇಲ್ಲ ಅನ್ನೋ ಹಂಗಿಲ್ಲ. ಕಪ್ಪಗಿದ್ಯಾ, ಬೆಳ್ಳಗಿದ್ಯಾ, ಗೆರೆ ಇದ್ಯಾ?"

"ನಡುವೆ ಒಂದು ಬಿಳೀ ಗೆರೆ. ಅಡ್ಡಕ್ಕೆ. ಮಿಕ್ಕಿದ್ದೆಲ್ಲ ಕಪ್ಪು."

ಅವರ ಮುಖದಲ್ಲಿ ಮೇ ತಿಂಗಳಿನಿಂದ ಕಾಣದಿದ್ದ ಒಂದು ಗೆಲುವು ಬಂತು. "ಹಾಗಾದ್ರೆ ಸೆಟ್ ಬದುಕಿದೆ. ಅಡ್ಡಡ್ಡ ಓಡ್ತಿದೆ, ಮೇಲಿಂದ ಕೆಳಕ್ಕೆ ಇಳೀತಿಲ್ಲ. ವರ್ಟಿಕಲ್ ಸೆಕ್ಷನ್ ಹೋಗಿದೆ." ನನ್ನ ಬೆರಳುಗಳನ್ನು ತಮ್ಮ ಬೆರಳುಗಳಿಂದ ಹಿಡಿದು ಬೋರ್ಡಿನ ಮೇಲೆ ನಡೆಸುತ್ತಾ ಒಂದು ಟ್ರಾನ್ಸಿಸ್ಟರ್ ಮೇಲೆ ನಿಲ್ಲಿಸಿದರು. ಅದನ್ನು ಬದಲಿಸಲು ನನಗೆ ಎರಡು ಗಂಟೆ ಹಿಡಿಯಿತು. ಬೆಸುಗೆ ಹಾಕುವಾಗ ಹೆಬ್ಬೆರಳು ಸುಟ್ಟಿತು. ಮತ್ತೆ ಸ್ವಿಚ್ ಹಾಕಿದಾಗ ಆ ಗೆರೆ ಮೇಲಕ್ಕೂ ಕೆಳಕ್ಕೂ ಬಿಚ್ಚಿಕೊಂಡು ಪೂರ್ತಿ ಪರದೆ ಬೆಳ್ಳಗಾಯಿತು.

ಇವರು ಸ್ಟೂಲಿನಿಂದ ಎದ್ದು ಪರದೆಗೆ ಮುಖ ಹತ್ತಿರ ತಂದು ನಿಂತರು. "ಬೆಳಕಿದೆ," ಎಂದರು. ಮೂಗು ಗಾಜಿಗೆ ತಾಗುತ್ತಿತ್ತು. "ಬೆಳಕಿದೆ ಕಣೇ."

೫ ಆಗಸ್ಟ್, ಭಾನುವಾರ

ಟಿ.ವಿ.ಯಲ್ಲಿ ಅಮೆರಿಕದ ಒಲಿಂಪಿಕ್ಸ್ ತೋರಿಸುತ್ತಿದ್ದಾರೆ. ಅಷ್ಟು ದೂರದಿಂದ ಚಿತ್ರ ಹೇಗೆ ಬರುತ್ತದೆ ಎಂದು ಕೇಳಿದೆ. ಕೇಳಿದ್ದೇ ತಡ, ನನ್ನ ಅಂಗೈ ಬಿಡಿಸಿ ಇಟ್ಟುಕೊಂಡರು.

"ಸ್ಕ್ರೀನ್ ಮೇಲೆ ಚಿತ್ರ ಅಂತ ಯಾವತ್ತೂ ಇರೋದಿಲ್ಲ. ಒಂದೇ ಒಂದು ಚುಕ್ಕಿ. ಅದು ಎಡದಿಂದ ಬಲಕ್ಕೆ ಓಡುತ್ತೆ," ಎಂದು ಉಗುರಿನಿಂದ ಅಂಗೈ ಮೇಲೆ ಗೆರೆ ಎಳೆದರು. "ತಕ್ಷಣ ಹಿಂದಕ್ಕೆ ಬಂದು ಕೆಳಗೆ ಇನ್ನೊಂದು ಗೆರೆ. ಓಡ್ತಾ ಓಡ್ತಾ ಎಲ್ಲಿ ಬೇಕೋ ಅಲ್ಲಿ ಹೆಚ್ಚು ಉರಿಯುತ್ತೆ, ಎಲ್ಲಿ ಬೇಡವೋ ಅಲ್ಲಿ ಕಮ್ಮಿ. ಮೊದಲು ಒಂದು, ಮೂರು, ಐದು, ಹಿಂಗೆ ಬೆಸ ಗೆರೆಗಳು. ಆಮೇಲೆ ಮೇಲಿಂದ ಮತ್ತೆ ಶುರು ಮಾಡಿ ಮಧ್ಯೆ ಬಿಟ್ಟಿದ್ದ ಸಮ ಗೆರೆಗಳು. ಒಟ್ಟು ಆರುನೂರ ಇಪ್ಪತ್ತೈದು. ಇಷ್ಟೂ ಸೇರಿದ್ರೆ ಒಂದು ಚಿತ್ರ. ಸೆಕೆಂಡಿಗೆ ಇಂಥಾವು ಇಪ್ಪತ್ತೈದು."

"ನನಗೆ ಚುಕ್ಕಿ ಕಾಣಲ್ವಲ್ಲ?"

"ಕಣ್ಣು ಹಿಡಿದಿಟ್ಕೊಳ್ಳುತ್ತೆ. ಹೋಗಿರೋದನ್ನೂ ಇದೆ ಅಂತ ತೋರಿಸುತ್ತೆ. ಚಿತ್ರ ಮಾಡೋದು ಕಣ್ಣೇ."

ಅಮೆರಿಕದಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸಲ ತುಡಿಯುವುದರಿಂದ ಅಲ್ಲಿ ಮೂವತ್ತು ಚಿತ್ರವಂತೆ, ಗೆರೆ ಮಾತ್ರ ಐನೂರ ಇಪ್ಪತ್ತೈದು. ನಮ್ಮಲ್ಲಿ ಐವತ್ತು, ಆದ್ದರಿಂದ ಇಪ್ಪತ್ತೈದು ಚಿತ್ರ. ಅಲ್ಲಿಯದನ್ನು ನಮ್ಮ ಸೆಟ್ಟಿಗೆ ಹಾಗೇ ಕೊಟ್ಟರೆ ಚಿತ್ರ ಉರುಳಾಡುತ್ತದೆ. ನಡುವೆ ಒಂದು ಮಿಷನ್ನು ಗೆರೆಗಳನ್ನು ಎಣಿಸಿ ಹೊಂದಿಸಿ ಕಳಿಸುತ್ತದೆ.

ಅಂಗೈಯಲ್ಲಿ ಉಗುರಿನ ಗುರುತು ಸಂಜೆಯವರೆಗೂ ಇತ್ತು. ಮದುವೆಯಾಗಿ ಏಳು ವರ್ಷದಲ್ಲಿ ಇವರು ನನ್ನ ಜೊತೆ ಇಷ್ಟು ಹೊತ್ತು ಮಾತಾಡಿದ್ದು ಇದೇ ಮೊದಲು.

೨೧ ಆಗಸ್ಟ್, ಮಂಗಳವಾರ

ಇವತ್ತು ಸತ್ತೇ ಹೋಗುತ್ತಿದ್ದೆ. ಸೆಟ್ ಆರಿಸಿದ ಮೇಲೂ ಪಿಕ್ಚರ್ ಟ್ಯೂಬಿನೊಳಗೆ ಸಾವಿರಾರು ವೋಲ್ಟು ಉಳಿದಿರುತ್ತದೆ, ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ ಮೊದಲು ಅದನ್ನು ಇಳಿಸಬೇಕು ಎಂದು ಹತ್ತು ಸಲ ಹೇಳಿದ್ದರು. ಮರೆತೆ. ಹಿಂದಕ್ಕೆ ಎಸೆದ ಹಾಗಾಗಿ ಗೋಡೆಗೆ ಬಡಿದೆ. ನನ್ನ ಕೂಗು ಕೇಳಿ ಇವರು ಎದ್ದವರು ಸ್ಟೂಲಿಗೆ ಎಡವಿ, ಮೇಜು ತಳ್ಳಿ, ನೆಲ ತಡಕುತ್ತಾ ಬಂದರು. ನನ್ನ ಕಾಲು ಸಿಕ್ಕಿತು, ಮೊಣಕಾಲು ಸಿಕ್ಕಿತು, ಮುಖ ಸಿಕ್ಕಿತು. ನನ್ನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದರು.

"ಇದೀನಿ," ಎಂದೆ.

"ಸಾಕು. ನಾಳೆಯಿಂದ ಅಂಗಡಿ ಬೇಡ."

"ನಾಳೆ ಬೆಳ್ಳಾವಿಯವರ ಸೆಟ್ ಕೊಡ್ಬೇಕು," ಎಂದೆ. ಎಲ್ಲಿಂದ ಬಂತೋ ಆ ಮಾತು.

೧೯ ಸೆಪ್ಟೆಂಬರ್, ಬುಧವಾರ

ಬೆಂಗಳೂರಿಗೆ ಹೋಗಿ ಬಂದೆವು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಬೆಳಕು ಹಾಗೇ ಇದೆ, ಒಳ್ಳೆಯದು ಎಂದರು. ಮಳೆ.

೩ ನವೆಂಬರ್, ಶನಿವಾರ

ಮೂರು ದಿನದಿಂದ ಊರೆಲ್ಲ ಬಾಗಿಲು ಹಾಕಿದೆ. ಇವತ್ತು ದಿಲ್ಲಿಯಲ್ಲಿ ಪ್ರಧಾನಿಯವರ ಅಂತ್ಯಕ್ರಿಯೆ. ನಾವು ಅಂಗಡಿಯ ಒಂದೇ ಬಾಗಿಲು ತೆರೆದು ಎರಡು ಸೆಟ್ ರಸ್ತೆಯ ಕಡೆ ತಿರುಗಿಸಿಟ್ಟೆವು. ಮಂಡಿಯ ಹಮಾಲರು, ತರಕಾರಿಯವರು, ಎಲ್ಲರೂ ನಿಂತಿದ್ದರು. ಬೆಂಗಳೂರಿನಿಂದ ಇಷ್ಟು ದೂರಕ್ಕೆ ಸಿಗ್ನಲ್ ಸಾಲದು. ಚಿತ್ರದ ಮೇಲೆಲ್ಲ ಹಿಟ್ಟು ಚೆಲ್ಲಿದ ಹಾಗಿತ್ತು. ನಾನು ತಾರಸಿ ಹತ್ತಿ ಆಂಟೆನಾ ತಿರುಗಿಸಿದೆ. ಕೆಳಗಿನಿಂದ ಇವರು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುತ್ತಿದ್ದರು. ಜನರ ಗುಜುಗುಜು ಕೇಳಿಕೊಂಡೇ ಎಲ್ಲಿ ಸರಿಹೋಯಿತು ಎಂದು ಗೊತ್ತು ಮಾಡಿಕೊಂಡರು.

ತಾರಸಿಯ ಮೇಲೆ ನಾನು ಹೆಂಗಸೆಂದು ಯಾರೂ ನೋಡಲಿಲ್ಲ. ನನಗೂ ನೆನಪಿರಲಿಲ್ಲ.

೧೪ ಡಿಸೆಂಬರ್, ಶುಕ್ರವಾರ

ಗುಬ್ಬಿಯ ವೀರಭದ್ರಯ್ಯನವರು ತೆಂಗಿನ ತೋಟದ ಸಾಹುಕಾರರು, ಮನೆಗೆ ಕಲರ್ ಸೆಟ್ ಕೊಂಡು ತಂದಿದ್ದಾರೆ. ಮೊನ್ನೆ ಅಂಗಡಿಗೆ ಬಂದು, "ಸಾಬ್ರೇ, ವಾರ್ತೆ ಓದೋಳ ಮಕ ಹಸ್ರು ಕಣ್ರೀ, ಬಸಳೆ ಸೊಪ್ಪಿನಂಗೆ," ಎಂದಿದ್ದರು. ಇವರು ಕಲರ್ ಬೋರ್ಡು ಕೆಟ್ಟಿದೆ, ಬಿಚ್ಚಿ ತಾ ಎಂದು ನನ್ನನ್ನು ಕಳಿಸಿದರು. ತಲೆನೋವೆಂದು ತಾವು ಬರಲಿಲ್ಲ.

ಹೋಗುವ ಮೊದಲು ಬಣ್ಣದ ಪಾಠ ಆಯಿತು. ಕೆಂಪು, ಹಸಿರು, ನೀಲಿ ಮೂರೇ ಬಣ್ಣ, ಮೂರು ಕಿರಣ. ಗಾಳಿಯಲ್ಲಿ ಬರುವಾಗ ಬಣ್ಣ ಅತ್ತಿತ್ತ ವಾಲುತ್ತದಂತೆ. ನಮ್ಮ ದೇಶದ ಪದ್ಧತಿಗೆ ಪಾಲ್ ಎಂದು ಹೆಸರು. ಅದರಲ್ಲಿ ಒಂದು ಗೆರೆ ಬಿಟ್ಟು ಒಂದು ಗೆರೆಯ ಬಣ್ಣವನ್ನು ಬೇಕೆಂದೇ ತಿರುವಿ ಕಳಿಸುತ್ತಾರೆ. ಈ ಗೆರೆಯಲ್ಲಿ ಎಷ್ಟು ತಪ್ಪಾಯಿತೋ ಮುಂದಿನ ಗೆರೆಯಲ್ಲಿ ಅಷ್ಟೇ ತಪ್ಪು ಎದುರು ದಿಕ್ಕಿಗೆ ಆಗುತ್ತದೆ. ಎರಡೂ ಸೇರಿ ಸರಿಯಾದ ಬಣ್ಣ. ಅಮೆರಿಕದ ಪದ್ಧತಿಯಲ್ಲಿ ಹೀಗೆ ತಿರುವುವುದಿಲ್ಲ, ಅದಕ್ಕೇ ಅಲ್ಲಿ ಮುಖದ ಬಣ್ಣ ಆಗಾಗ ಕೆಡುತ್ತದಂತೆ.

ಅಪ್ಪ ದಸ್ತಗೀರ್ ಸಾಬ್ ಗುಬ್ಬಿ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ಟೂಲ್ಸ್ ಚೀಲ ಅವರೇ ಹಿಡಿದರು. ಸಂಜೆ ಟಿ.ವಿ. ಶುರುವಾದ ಮೇಲೆ ನೋಡಿದರೆ, ಹಸಿರು ಬರೀ ಬಲಗಡೆಯ ಮೂಲೆಯಲ್ಲಿದೆ. ಮುಖ ಆ ಕಡೆ ಹೋದರೆ ಹಸಿರು, ಈ ಕಡೆ ಬಂದರೆ ಸರಿ. ಬೋರ್ಡು ಕೆಟ್ಟಿದ್ದರೆ ಎಲ್ಲ ಕಡೆಯೂ ಕೆಡಬೇಕಿತ್ತು. ಸೆಟ್ಟಿನ ಬಲಕ್ಕೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಇತ್ತು. ಅದರೊಳಗಿನ ಅಯಸ್ಕಾಂತ ಕಿರಣವನ್ನು ಎಳೆಯುತ್ತಿದೆ ಎಂದು ಹೊಳೆಯಿತು. ಪೆಟ್ಟಿಗೆ ದೂರ ಇಡಿಸಿ, ಸೆಟ್ಟನ್ನು ಅರ್ಧ ಗಂಟೆ ಆರಿಸಿ ಹಚ್ಚಿಸಿದೆ. ಪ್ರತಿ ಸಲ ಹಚ್ಚುವಾಗ ಅಂಟಿದ ಕಾಂತವನ್ನು ಸೆಟ್ಟೇ ಕಳೆಯುತ್ತದೆ, ಎರಡು ಸಲ ಹಾಗೆ ಮಾಡಿದ ಮೇಲೆ ಕಲೆ ಹೋಯಿತು.

೧೫ ಡಿಸೆಂಬರ್, ಶನಿವಾರ

"ಬೋರ್ಡೇ ತಾನೇ?" ಎಂದು ಇವರು ಕೇಳಿದರು.

"ಹೌದು, ಬೋರ್ಡೇ. ಅಲ್ಲೇ ಬೆಸುಗೆ ಹಾಕಿ ಸರಿ ಮಾಡಿದೆ," ಎಂದೆ.

ಖುಷಿಯಾದರು. ಆ ಖುಷಿ ನೋಡಲು ನನಗೆ ಆಗಲಿಲ್ಲ, ಅಡುಗೆಮನೆಗೆ ಹೋದೆ.

೧೭ ಜನವರಿ ೧೯೮೫, ಗುರುವಾರ

ವೀರಭದ್ರಯ್ಯನವರು ಎಳ್ಳು ಬೆಲ್ಲ ತಂದಿದ್ದರು. ನಾನು ಒಳಗೆ ಬೆಸುಗೆ ಹಾಕುತ್ತಿದ್ದೆ.

"ಸಾಬ್ರೇ, ನಿಮ್ಮನೆಯಮ್ಮ ಗಟ್ಟಿಗಿತ್ತಿ ಬುಡಿ. ಒಂದ್ ಬೋಲ್ಟೂ ಬಿಚ್ಚಲಿಲ್ಲ. ಸ್ಪೀಕರ್ ಎತ್ತಿ ಅತ್ಲಾಗಿಡ್ಸಿದ್ರು, ಸೆಟ್ ಆರ್ಸಿ ಹಚ್ಚಿದ್ರು, ಅಷ್ಟೇಯ. ಮನ್ಸರ ಮಕ ಬಂದ್ಬುಡ್ತು."

"ಹೌದೌದು, ನಾನೇ ಹೇಳಿ ಕಳಿಸಿದ್ದೆ," ಎಂದರು ಇವರು.

ಅವರು ಹೋದ ಮೇಲೆ ನನ್ನನ್ನು ಏನಾದರೂ ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿಯುತ್ತಿದ್ದರು. ಈ ತಿಂಗಳು ಡಾಕ್ಟರ ಹತ್ತಿರ ಹೋಗುವುದಿದೆ ಎಂದು ನೆನಪಿಸಿದೆ. "ಬೆಳಕು ಚೆನ್ನಾಗೇ ಇದೆ. ಫೆಬ್ರವರೀಲಿ ಹೋದ್ರಾಯ್ತು. ಈಗ ನಿನಗೆ ಕೆಲಸ ಇದೆಯಲ್ಲ," ಎಂದರು.

೧೮ ಫೆಬ್ರವರಿ, ಸೋಮವಾರ

ಆಸ್ಟ್ರೇಲಿಯಾದಲ್ಲಿ ಕ್ರಿಕೆಟ್ ಶುರುವಾಗಿದೆ. ಬೆಳಗಾಗುವ ಮೊದಲೇ ಮ್ಯಾಚು. ಕೆಟ್ಟು ಬಿದ್ದಿದ್ದ ಸೆಟ್ಟುಗಳೆಲ್ಲ ಒಂದೇ ಸಲ ನೆನಪಾಗಿ ಜನ ಗಾಡಿಯಲ್ಲಿ, ಸೈಕಲ್ಲಿನಲ್ಲಿ ಹೊತ್ತು ತರುತ್ತಿದ್ದಾರೆ. ಇವತ್ತು ಆರು ಬಂದವು. ಹುಲಿಯೂರುದುರ್ಗದಿಂದ ಬಸ್ಸಿನ ಮೇಲೆ ಹಾಕಿ ಒಂದು. ಚಿತ್ರ ಉರುಳುವುದು, ಓರೆಯಾಗಿ ಹರಿಯುವುದು, ಇವೆಲ್ಲ ಈಗ ನನಗೆ ಹಿಂದಿನ ಮುಚ್ಚಳ ತೆಗೆಯುವ ಮೊದಲೇ ತಿಳಿಯುತ್ತದೆ.

ಇವರಿಗೆ ತಲೆನೋವು. ಪಿತ್ತ ಎಂದು ಅತ್ತೆ ಶುಂಠಿ ಕಷಾಯ ಕೊಟ್ಟರು.

೨೨ ಫೆಬ್ರವರಿ, ಶುಕ್ರವಾರ

ಒಂಬತ್ತು ಸೆಟ್. ಊಟ ನಿಂತುಕೊಂಡೇ. ಇವರು ಟೀ ಲೋಟ ಮೇಜಿನ ಮೇಲಿಡಲು ಹೋಗಿ ಕೆಳಗೆ ಬಿಟ್ಟರು. ಒಂದು ಬೋರ್ಡು ನೆನೆಯಿತು, ಸ್ವಲ್ಪ ಗದರಿದೆ.

೨೬ ಫೆಬ್ರವರಿ, ಮಂಗಳವಾರ

ಒಂದು ವಿಚಿತ್ರ ಸೆಟ್. ಹಚ್ಚಿದರೆ ಸಣ್ಣ ಶಿಳ್ಳೆ ಕೇಳುತ್ತದೆ. ಗೆರೆಗಳು ಓಡುತ್ತಿವೆ ಎಂಬುದಕ್ಕೆ ಆ ಶಿಳ್ಳೆಯೇ ಗುರುತು. ಆದರೆ ಪರದೆ ಪೂರ್ತಿ ಕಪ್ಪು. ಪ್ರತಿ ಸೆಟ್ಟಿಗೂ ಕೇಳುವ ಹಾಗೆ ಬೆಳಕಿದೆಯಾ ಎಂದೆ. ಇವರು ಬಂದು ಮುಖವಿಟ್ಟು "ಬೆಳಕಿದೆ" ಎಂದರು. ಇಲ್ಲವಲ್ಲ ಎಂದೆ. "ಹೌದಾ? ಕಣ್ಣಿಗೆ ಸುಸ್ತು," ಎಂದು ಹೋಗಿ ಕೂತರು. ಪಿಕ್ಚರ್ ಟ್ಯೂಬಿನ ಹಿಂದಿನ ಸಾಕೆಟ್ ಸಡಿಲವಾಗಿತ್ತು. ಹತ್ತು ನಿಮಿಷದ ಕೆಲಸ.

ಕಣ್ಣು ಸ್ವಲ್ಪ ಕೆಂಪಗಿದೆ. ಮಂಡಿಯ ಮೆಣಸಿನಕಾಯಿ ಧೂಳು ಇರಬೇಕು.

೪ ಮಾರ್ಚ್, ಸೋಮವಾರ

ಇವರಿಗೆ ಎರಡು ಸಲ ವಾಂತಿ. ಮನೆಯಲ್ಲೇ ಮಲಗಿದ್ದಾರೆ. ಮುಂದಿನ ಭಾನುವಾರ ಫೈನಲ್. ಹನ್ನೆರಡು ಸೆಟ್ ಬಾಕಿ. ಅದು ಮುಗಿದ ಮರುದಿನವೇ ಬೆಂಗಳೂರಿಗೆ ಹೋಗುವುದೆಂದು ಇಬ್ಬರೂ ಮಾತಾಡಿಕೊಂಡೆವು.

೧೦ ಮಾರ್ಚ್, ಭಾನುವಾರ

ನಮ್ಮವರು ಗೆದ್ದರು. ಮಂಡಿಪೇಟೆಯಲ್ಲಿ ಪಟಾಕಿ. ಬಂದವರೆಲ್ಲ "ಚಿತ್ರ ಕನ್ನಡಿ ಇದ್ದ ಹಾಗಿತ್ತು ತಾಯಿ" ಎಂದು ಹೇಳಿ ಹೋದರು. ನಾನು ನಗುತ್ತಾ ನಿಂತಿದ್ದೆ. ಇವರು ಮೂಲೆಯಲ್ಲಿ ಹಣೆ ಒತ್ತಿ ಹಿಡಿದು ಕೂತಿದ್ದರು. ಅವರೂ ನಕ್ಕರು.

೧೧ ಮಾರ್ಚ್, ಸೋಮವಾರ

ಹೊರಡುವ ಮೊದಲು ಅಂಗಡಿಯಿಂದ ಆಸ್ಪತ್ರೆಯ ಚೀಟಿ ತರಬೇಕಿತ್ತು, ಇಬ್ಬರೂ ಹೋದೆವು. ಮೇಜಿನ ಮೇಲೆ ಕೊನೆಯ ಸೆಟ್ ಒಂದಿತ್ತು. ಹಚ್ಚಿದೆ. ಶಿಳ್ಳೆ ಬಂತು, ಪರದೆ ಬೆಳ್ಳಗಾಯಿತು. ಏಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಬ್ರೈಟ್‌ನೆಸ್ ತಿರುಪನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದೆ. ಪರದೆ ಕಪ್ಪಾಯಿತು. ಶಿಳ್ಳೆ ಹಾಗೇ ಇತ್ತು.

"ರೀ, ನೋಡಿ. ಬೆಳಕಿದೆಯಾ?"

ಎದ್ದು ಬಂದರು. ಗಾಜಿಗೆ ಮುಖ ಹತ್ತಿರ ಹಿಡಿದರು. ಸ್ವಲ್ಪ ಹೊತ್ತು ಹಾಗೇ ನಿಂತರು, ನಿಜವಾಗಿ ನೋಡುವವರ ಹಾಗೆ.

"ಇದೆ. ಚೆನ್ನಾಗಿದೆ."

ನನ್ನ ಕೈ ತಿರುಪಿನ ಮೇಲೇ ಇತ್ತು.

"ಹೌದು, ಚೆನ್ನಾಗಿದೆ," ಎಂದೆ. ಸೆಟ್ ಆರಿಸಿದೆ.

೧೨ ಮಾರ್ಚ್, ಮಂಗಳವಾರ. ಬೆಂಗಳೂರು

ಡಾಕ್ಟರು ಟಾರ್ಚು ಬಿಟ್ಟರು, ಇನ್ನೊಂದು ದೊಡ್ಡ ದೀಪ ತರಿಸಿ ಅದನ್ನೂ ಬಿಟ್ಟರು. ಕಣ್ಣಿನೊಳಗೆ ನೀರಿನ ಒತ್ತಡ ಏರಿ ಏರಿ ನರ ಸತ್ತಿದೆಯಂತೆ. "ತಲೆನೋವು ಬಂದ ದಿನ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

೧೩ ಮಾರ್ಚ್

ಈ ಪುಸ್ತಕವನ್ನು ಚೀಲದಲ್ಲಿ ತಂದಿದ್ದೆ. ಹಿಂದಿನ ಹಾಳೆಗಳನ್ನು ತಿರುವಿ ನೋಡಿದೆ. ತಲೆನೋವು, ನಾನೇ ಬರೆದಿದ್ದೇನೆ. ಕಣ್ಣು ಕೆಂಪು, ಬರೆದಿದ್ದೇನೆ. ವಾಂತಿ, ಬರೆದಿದ್ದೇನೆ. ಮೊದಲ ಹಾಳೆಯಲ್ಲಿ ಡಾಕ್ಟರ ಮಾತೂ ಇದೆ. ಬರೆದವಳಿಗೆ ಓದಲು ಬರಲಿಲ್ಲ.

೨೪ ಮಾರ್ಚ್, ಭಾನುವಾರ

ಊರಿಗೆ ಬಂದು ನಾಲ್ಕು ದಿನ. ಔಷಧಿಯಿಂದ ನೋವು ಇಳಿದಿದೆ. ಅಂಗಡಿ ತೆರೆದಿಲ್ಲ. ಇವತ್ತು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಕೇಳಿದೆ.

"ಯಾವಾಗಿಂದ?"

"ಸಂಕ್ರಾಂತಿ ಹೊತ್ತಿಗೆ ಕಮ್ಮಿ ಆಗ್ತಾ ಬಂತು. ಕ್ರಿಕೆಟ್ ಶುರುವಾದಾಗ ಏನೂ ಇರ್ಲಿಲ್ಲ."

"ನನಗೆ ಯಾಕೆ ಹೇಳ್ಲಿಲ್ಲ ರೀ?"

ಬೆರಳಿನಿಂದ ಹಾಸಿಗೆಯ ಅಂಚನ್ನು ಸವರುತ್ತಿದ್ದರು.

"ಶಿಳ್ಳೆ ಕೇಳಿದ್ರೆ ಬೆಳಕಿದೆ ಅಂತಿದ್ದೆ. ನಿನಗೆ ಎಲ್ಲಾ ಬಂದ್ಬಿಟ್ಟಿತ್ತು. ಗುಬ್ಬಿ ಸೆಟ್ಟಿನದು ನಾನು ಹೇಳಿದ್ದು ತಪ್ಪು, ನೀನು ಮಾಡಿದ್ದು ಸರಿ. ಆದ್ರೂ ಸೆಟ್ ಹಚ್ಚಿದಾಗೆಲ್ಲ ಬೆಳಕಿದೆಯಾ ಅಂತ ನನ್ನ ಕೇಳ್ತಿದ್ದೆ. ಆ ಅಂಗಡೀಲಿ ನನಗೆ ಉಳಿದಿದ್ದು ಅದೊಂದೇ ಕೆಲಸ ಕಣೇ."

ನನಗೆ ಅಳು ಬರಲಿಲ್ಲ.

"ನಾನು ನೋಡ್ಬೇಕಿತ್ತು," ಎಂದೆ.

"ನೀನು ಸ್ಕ್ರೀನ್ ನೋಡ್ತಿದ್ದೆ. ನೋಡು ಅಂದವನು ನಾನೇ."

೭ ಏಪ್ರಿಲ್, ಭಾನುವಾರ

ಭಾವ ಬಂದರು. ಜೀಪು ತಂದಿದ್ದರು. ಅತ್ತೆ ಬೆಳಿಗ್ಗೆಯೇ ಟ್ರಂಕು ತುಂಬಿಸಿಟ್ಟಿದ್ದರು. ಇವರು ಬಿಳಿ ಜುಬ್ಬಾ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು, ಎಲ್ಲಿ ಕೂರಿಸಿದರೆ ಅಲ್ಲಿ ಎಂಬ ಹಾಗೆ.

"ಅಂಗಡಿಗೆ ಒಬ್ಬ ಗಿರಾಕಿ ಇದಾನೆ. ಬೀಗದ ಕೈ ಕೊಡು ಮನ್ಸೂರ," ಎಂದರು ಭಾವ.

"ರಝಿಯಾ ಹತ್ರ ಇದೆ."

ನಾನು ಪರದೆಯ ಹಿಂದಿನಿಂದ ಹೊರಗೆ ಬಂದೆ. ಭಾವನ ಎದುರು ನಿಂತು ಮಾತಾಡಿದ್ದು ಇದೇ ಮೊದಲು. "ಬೀಗದ ಕೈ ಕೊಡೋದಿಲ್ಲ," ಎಂದೆ. "ನಾಳೆ ಬಾಗಿಲು ತೆಗೀತೀನಿ."

"ಇವನ ಗತಿ? ನೀನು ಅಂಗಡೀಲಿ ಕೂತ್ರೆ ಇವನನ್ನ ನೋಡ್ಕೊಳ್ಳೋರು ಯಾರು? ಒಂದು ಸಲ ನೋಡ್ಕೊಂಡಿದ್ದು ಗೊತ್ತಾಯ್ತಲ್ಲ."

ಅತ್ತೆ ತಲೆ ಬಗ್ಗಿಸಿದರು.

"ಹೌದು ಭಾವ, ತಪ್ಪು ನಂದೇ," ಎಂದೆ. "ಅದಕ್ಕೇ ಕಳಿಸಲ್ಲ. ನನ್ನ ತಪ್ಪನ್ನ ಇನ್ನೊಬ್ಬರ ಮನೆಗೆ ಹೆಂಗೆ ಕಳಿಸ್ಲಿ? ನನ್ನ ಜೊತೇಲೇ ಇರ್ಲಿ."

ಭಾವ ತಮ್ಮನ ಕಡೆ ತಿರುಗಿದರು. "ನೀನೇನಂತೀಯೋ?"

ಇವರು ಕುರ್ಚಿಯ ಕೈ ಹಿಡಿದು ಎದ್ದರು. ಗೋಡೆ ಸವರುತ್ತಾ ಹೋಗಿ, ಟ್ರಂಕು ಕಾಲಿಗೆ ತಗುಲಿದಾಗ ಅದರ ಮೇಲೆ ಕೂತುಬಿಟ್ಟರು. ಅಷ್ಟೇ. ಭಾವ ಟೀ ಕುಡಿದು ಜೀಪು ಹತ್ತಿದರು. ಹೋಗುವಾಗ ಕೊಬ್ಬರಿಯ ಚೀಲ ಇಳಿಸಿ ಹೋದರು.

೮ ಏಪ್ರಿಲ್, ಸೋಮವಾರ

ಅಂಗಡಿ ತೆರೆದೆ. ಧೂಳು. ಇವರು ಬರಲಿಲ್ಲ.

೨೨ ಏಪ್ರಿಲ್, ಸೋಮವಾರ

ಇವತ್ತೂ ಬರಲಿಲ್ಲ. ಬಂದು ನಾನೇನು ಮಾಡಲಿ ಎನ್ನುತ್ತಾರೆ. ಸೆಟ್ ಹಚ್ಚಿದಾಗ ಬೆಳಕಿದೆಯಾ ಎಂಬ ಮಾತು ಬಾಯಿಗೆ ಬಂತು, ಖಾಲಿ ಸ್ಟೂಲು ನೋಡಿ ನುಂಗಿಕೊಂಡೆ.

೬ ಮೇ, ಸೋಮವಾರ

ಇವತ್ತು ತಾವಾಗಿಯೇ ಬಂದರು. ಅತ್ತೆ ಕೈ ಹಿಡಿದು ಕರೆತಂದು ಬಿಟ್ಟು ಹೋದರು. ನಾನು ಜುಂಜಪ್ಪನವರ ಸೆಟ್ ರಿಪೇರಿ ಮುಗಿಸಿದ್ದೆ. ಸರಿಯಾದ ಮೇಲೆ ಒಂದು ಗಂಟೆ ಓಡಿಸಿ ನೋಡಬೇಕು. ಆ ಹೊತ್ತಿನಲ್ಲಿ ನಾನು ಯಾವಾಗಲೂ ಇನ್ನೊಂದು ಸೆಟ್ ಬಿಚ್ಚುತ್ತೇನೆ. ಇವತ್ತೂ ಸ್ಕ್ರೂಡ್ರೈವರ್ ತೆಗೆದುಕೊಂಡೆ.

ಸಂಜೆಯ ಕಾರ್ಯಕ್ರಮ ಶುರುವಾಯಿತು. ಹಳ್ಳಿಯ ಹೆಂಗಸರು ಸೋಬಾನೆ ಹಾಡುತ್ತಿದ್ದರು. ಇವರು ಕಿವಿಗೊಟ್ಟು ಕೇಳುತ್ತಿದ್ದವರು ಕೇಳಿದರು:

"ಎಷ್ಟು ಜನ ಇದಾರೆ?"

ಸೆಟ್ ಸರಿ ಇದೆಯೇ ಎಂದು ನೋಡಿದ್ದೆನೇ ಹೊರತು ಇದನ್ನು ನೋಡಿರಲಿಲ್ಲ. ತಿರುಗಿ ಎಣಿಸಿದೆ. "ಎಂಟು."

"ಸೀರೆ ಯಾವ ಬಣ್ಣ?"

"ಮೊದಲನೆಯವರದು ಹಸಿರು. ಕೆಂಪು ಅಂಚು," ಎಂದೆ.

"ಇದು ಯಾರ ಸೆಟ್ಟು?"

"ಜುಂಜಪ್ಪನವರದು."

"ಅವರದು ಬ್ಲಾಕ್ ಅಂಡ್ ವೈಟ್ ಅಲ್ವೇನೇ?"

ಇನ್ನೂ ಸುಳ್ಳು ಹೇಳುತ್ತೀಯಾ ಎಂದು ಕೇಳಿದರೆ ಏನು ಹೇಳಲಿ? "ಹೌದು," ಎಂದೆ.

ಅವರು ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಎರಡನೆಯವಳದು?"

ಪರದೆಯಲ್ಲಿ ಎಲ್ಲರದೂ ಬೂದು. ಒಬ್ಬಳದು ಸ್ವಲ್ಪ ಗಾಢ, ಒಬ್ಬಳದು ತೆಳು. ಸ್ಕ್ರೂಡ್ರೈವರ್ ಕೆಳಗಿಟ್ಟೆ. "ಅರಿಶಿನ," ಎಂದೆ.

"ಅದರ ಪಕ್ಕ?"

"ನೇರಳೆ. ಬಿಳೀ ಚುಕ್ಕಿ."

"ಆಮೇಲೆ?"

ನಾಲ್ಕನೆಯವಳಿಗೆ ದಾಳಿಂಬೆ ಬಣ್ಣ ಕೊಟ್ಟೆ, ಐದನೆಯವಳಿಗೆ ಗಿಣಿಹಸಿರು. ಆರನೆಯವಳು ವಯಸ್ಸಾದವಳು, ಅವಳಿಗೆ ಇಟ್ಟಿಗೆ ಕೆಂಪು. ಏಳನೆಯವಳಿಗೆ ನನ್ನ ಮದುವೆಯ ಸೀರೆಯ ಬಣ್ಣ ಹೇಳಿದೆ. ಇವರು ಒಂದೊಂದಕ್ಕೂ "ಹೂಂ" ಎನ್ನುತ್ತಿದ್ದರು, ಕಣ್ಣಿಲ್ಲದ ಮುಖವನ್ನು ಪರದೆಯ ಕಡೆಗಲ್ಲ, ನನ್ನ ಕಡೆ ತಿರುಗಿಸಿಕೊಂಡು.

ಎಂಟನೆಯವಳೊಬ್ಬಳು ಉಳಿದಳು. ಹಾಡು ಮುಗಿಯುತ್ತಾ ಬಂದಿತ್ತು. ಬಾಯಿ ತೆರೆದರೂ ಬಣ್ಣ ಬರಲಿಲ್ಲ.

ಇವರು ನನ್ನ ಮೊಣಕೈ ಹುಡುಕಿ ಹಿಡಿದುಕೊಂಡು ಹೇಳಿದರು:

"ಅವಳದು ನೀಲಿ ಇರ್ಲಿ."